ಕೊನೆಯ ಐದು ಅಕ್ಷರ

ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ಧಡಕ್ಕನೆ ವಾಪಸು ಬಂದಾಗ ಸುಧಾಳ ಕಂಪ್ಯೂಟರು ಒಳಗಿಂದ ಚಟ್ಟೆಂದು ಸದ್ದು ಮಾಡಿ ಸುಮ್ಮನಾಯಿತು. ಸುಟ್ಟ ವಾಸನೆ ಕೋಣೆ ತುಂಬಿತು. ಎಂಬ್ರಾಯ್ಡರಿ ಮಷಿನ್ನಿನ ಮುಂದೆ ನಿಂತು ದಾರ ಬದಲಿಸುತ್ತಿದ್ದ ಬುಷ್ರಾ ಕತ್ತರಿ ಕೆಳಗಿಟ್ಟು, "ಸುಧಕ್ಕ, ಹೋತು" ಎಂದಳು.

"ಹೋದ್ರೆ ಹೋಗ್ಲಿ. ಬ್ಯಾಕಪ್ ಐತಲ್ಲ" ಎಂದಳು ಸುಧಾ.

ದಾವಣಗೆರೆ ವಿದ್ಯಾನಗರದ ಕೊನೇ ಬಸ್ ಸ್ಟಾಪಿನ ಹಿಂದಿನ ಅಡ್ಡರಸ್ತೆಯಲ್ಲಿ, ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವರ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಚಿತ್ರ ಬರೆಯುವುದು ಸುಧಾಳ ಕೆಲಸ, ಮಷಿನ್ ಓಡಿಸುವುದು ಬುಷ್ರಾಳದು. ರವಿಕೆ ತೋಳಿಗೆ, ಬೆನ್ನಿಗೆ, ಸೀರೆ ಅಂಚಿಗೆ ಬೇಕಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು, ಸೂಜಿ ಎಲ್ಲಿ ಚುಚ್ಚಬೇಕು, ದಾರ ಎತ್ತ ತಿರುಗಬೇಕು ಎಂದು ಹೊಲಿಗೆ ಹೊಲಿಗೆಯಾಗಿ ಬಿಡಿಸಿಡಬೇಕು. ಅದಕ್ಕೆ ಪಂಚಿಂಗ್ ಎನ್ನುತ್ತಾರೆ. ಒಂದು ಒಳ್ಳೆಯ ಅಂಚಿನ ಪಂಚಿಂಗಿಗೆ ವಾರಗಟ್ಟಲೆ ಕೂತದ್ದೂ ಉಂಟು. ಹಾಗೆ ಕೂಡಿಟ್ಟ ಡಿಸೈನುಗಳೆಲ್ಲ ಆ ಸುಟ್ಟ ಡಬ್ಬಿಯೊಳಗಿದ್ದವು. ಆದರೆ ಸುಧಾ ಶನಿವಾರ ಬಂತೆಂದರೆ ಇಡೀ ಡಿಸ್ಕನ್ನೇ, ಆಪರೇಟಿಂಗ್ ಸಿಸ್ಟಮ್ ಸಮೇತ, ಇನ್ನೊಂದು ಡಿಸ್ಕಿಗೆ ನಕಲು ಮಾಡಿ ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದಳು. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿರುವ ಅವಳ ಗಂಡ ಮಾಲತೇಶ್ ಅದನ್ನು ನೋಡಿ, "ಬಂಗಾರ ಇಟ್ಟಂಗೆ ಇಡ್ತಿಯಲ್ಲೇ" ಎಂದು ನಗುವುದಿತ್ತು.

ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಹಳೇ ಪಿ.ಬಿ. ರಸ್ತೆಯ ಯೋಗರಾಜನ ಅಂಗಡಿಗೆ ಒಯ್ದಳು. ಮೊದಲಿನಿಂದಲೂ ಅವನ ಹತ್ತಿರವೇ ವ್ಯವಹಾರ. ಯೋಗರಾಜ ಡಬ್ಬಿ ಬಿಚ್ಚಿ, ಟಾರ್ಚು ಬಿಟ್ಟು ನೋಡಿ ತಲೆ ಆಡಿಸಿದ.

"ಬೋರ್ಡು ಸುಟ್ಟೈತೆ ಮೇಡಂ. ಈ ಮಾಡೆಲ್ ಈಗ ಬರೋದೂ ಇಲ್ಲ. ಹೊಸ ಮಷಿನ್ ಜೋಡ್ಸಿ, ನಿಮ್ಮ ಬ್ಯಾಕಪ್ ಅದಕ್ಕೆ ಇಳಿಸಿಕೊಡ್ತೀನಿ. ಹೆಂಗಿತ್ತೋ ಹಂಗೆ ಬರ್ತೈತೆ."

ಹೇಗಿತ್ತೋ ಹಾಗೆಯೇ ಬಂತು. ಹೊಸ ಮಷಿನ್ನನ್ನು ಮನೆಗೆ ತಂದು ಹಚ್ಚಿದಾಗ ಹಳೆಯದರ ಪ್ರತಿಯೊಂದು ಫೋಲ್ಡರು ಇದ್ದ ಜಾಗದಲ್ಲೇ ಇತ್ತು. ಕಳೆದ ಶನಿವಾರಕ್ಕೆ ಮೊದಲು ಅರ್ಧ ಪಂಚ್ ಮಾಡಿ ಬಿಟ್ಟಿದ್ದ ದಾಸವಾಳದ ಎಸಳುಗಳೂ ಹಾಗೇ ತೆರೆದುಕೊಂಡವು. ಬುಷ್ರಾಗೆ ಎಷ್ಟು ಖುಷಿಯಾಯಿತೆಂದರೆ ಹೊರಗೆ ಹೋಗಿ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತಂದಳು. ತಿನ್ನುತ್ತಾ ತಿನ್ನುತ್ತಾ ಪರದೆಯ ಬಲಮೂಲೆಗೆ ಬೆರಳು ತೋರಿಸಿ, "ಇದೇನಕ್ಕ ಇದು" ಎಂದಳು.

ಕೆಳಗೆ, ಬಲಮೂಲೆಯಲ್ಲಿ, ತೆಳ್ಳಗೆ ಬೂದು ಬಣ್ಣದ ಅಕ್ಷರಗಳಿದ್ದವು. ಆಪರೇಟಿಂಗ್ ಸಿಸ್ಟಮನ್ನು ಆಕ್ಟಿವೇಟ್ ಮಾಡಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದವು. ಏನು ತೆರೆದರೂ ಅದರ ಮೇಲೆ ತೇಲುತ್ತಿದ್ದವು. ದಾಸವಾಳದ ಮೇಲೂ ಬಂದು ಕೂತವು. ಸೆಟ್ಟಿಂಗ್ಸಿಗೆ ಹೋಗಿ ನೋಡಿದರೆ ಇನ್ನಷ್ಟು ವಿವರ: ನಿಮ್ಮ ಹಾರ್ಡ್‌ವೇರ್ ಬದಲಾಗಿದೆ, ಈ ಮಷಿನ್ನಿಗೆ ಲೈಸೆನ್ಸ್ ಇಲ್ಲ.

ಸುಧಾ ಯೋಗರಾಜನಿಗೆ ಫೋನು ಮಾಡಿದಳು.

"ಅದಾ ಮೇಡಂ?" ಎಂದ ಯೋಗರಾಜ. "ಅದೇನೂ ಮಾಡಲ್ಲ. ಮೂಲೇಲಿ ಇರ್ತೈತೆ ಅಷ್ಟೆ. ಊರಾಗೆ ಅರ್ಧ ಮಂದಿದು ಹಂಗೇ ಐತೆ."

ಕೆಲಸಕ್ಕೆ ತೊಂದರೆಯಿಲ್ಲ ಎನ್ನುವುದು ನಿಜ. ಪಂಚಿಂಗ್ ಆಗುತ್ತಿತ್ತು, ಪೆನ್‌ಡ್ರೈವಿಗೆ ಹೋಗುತ್ತಿತ್ತು, ಮಷಿನ್ ಹೊಲಿಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಅಕ್ಷರಗಳಿಗೆ ಕಣ್ಣು ಒಗ್ಗಿಸಿಕೊಂಡು ಸುಮ್ಮನಿರುತ್ತಿದ್ದರು. ಸುಧಾಗೆ ಆಗಲಿಲ್ಲ. ಅದಕ್ಕೆ ಕಾರಣವಿತ್ತು.

ಸುಧಾಳ ತವರು ಹರಿಹರ ತಾಲ್ಲೂಕಿನ ಕೊಕ್ಕನೂರು, ಭತ್ತದ ಗದ್ದೆಗಳ ಊರು. ಕೆಲವು ವರ್ಷಗಳ ಹಿಂದೆ ಅವಳು ಭತ್ತದ ತೆನೆಯ ಒಂದು ಅಂಚು ಮಾಡಿದ್ದಳು. ತೆನೆಗಳು ಕಾಳಿನ ಭಾರಕ್ಕೆ ಬಾಗಿದ್ದವು, ಒಂದರಂತೆ ಒಂದಿರಲಿಲ್ಲ. ಅದು ಹೆಂಗಸರಿಗೆ ಹಿಡಿಸಿಬಿಟ್ಟಿತು. ಒಂದು ದಿನ ಪೇಟೆಯ ದೊಡ್ಡ ಬಟ್ಟೆ ಅಂಗಡಿಯೊಂದರ ಗೊಂಬೆಯ ಮೈಮೇಲೆ ಅದೇ ಅಂಚು ಕಂಡಿತು. ಅವಳು ಬೇಕೆಂದೇ ಮುರಿದು ಬಿಟ್ಟಿದ್ದ ಒಂದು ಗರಿ ಕೂಡ ಹಾಗೇ ಮುರಿದಿತ್ತು. ಒಳಗೆ ಹೋಗಿ ಕೇಳಿದಾಗ ಮಾಲೀಕ ನಗುತ್ತಲೇ ಹೇಳಿದ, "ಡಿಸೈನ್ ಅಂದ್ರೆ ಗಾಳಿ ಇದ್ದಂಗೆ ಕಣಮ್ಮ. ನಿನ್ನ ಕಂಪ್ಯೂಟರ್‌ನಾಗೆ ಇರೋದೆಲ್ಲ ದುಡ್ಡು ಕೊಟ್ಟು ತಂದಿದ್ದಾ? ಮೊದ್ಲು ಅದು ಹೇಳು."

ತನ್ನ ಕಂಪ್ಯೂಟರಿನಲ್ಲಿ ಏನೇನಿದೆ, ಅದು ಎಲ್ಲಿಂದ ಬಂತು ಎಂದು ಸುಧಾ ಯೋಚಿಸಿಯೇ ಇರಲಿಲ್ಲ. ಯೋಗರಾಜ ಹಾಕಿಕೊಟ್ಟಿದ್ದ, ಅವಳು ಬಳಸುತ್ತಿದ್ದಳು. ಅಲ್ಲಿಂದ ನೇರವಾಗಿ ಯೋಗರಾಜನ ಅಂಗಡಿಗೆ ಹೋಗಿ, ಪಂಚಿಂಗ್ ಸಾಫ್ಟ್‌ವೇರಿನ ಲೈಸೆನ್ಸನ್ನೂ, ಡಬ್ಬಿಯಲ್ಲಿ ಬರುವ, ಒಂದು ಮಷಿನ್ನಿನಿಂದ ಇನ್ನೊಂದಕ್ಕೆ ಒಯ್ಯಲು ಅವಕಾಶವಿರುವ ಅಸಲಿ ಆಪರೇಟಿಂಗ್ ಸಿಸ್ಟಮನ್ನೂ ತರಿಸಿ ಹಾಕಿಸಿಕೊಂಡಿದ್ದಳು. ಯೋಗರಾಜ ಅವತ್ತು ವಿಚಿತ್ರವಾಗಿ ನೋಡಿದ್ದ. ಮರುವಾರ ಸುಧಾ ಮತ್ತೆ ಆ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿ, ಗಿರಾಕಿಗಳ ಮುಂದೆಯೇ, "ಈಗ ಕೇಳ್ರಿ. ನನ್ನ ಕಂಪ್ಯೂಟರ್‌ನಾಗೆ ಇರೋದೆಲ್ಲ ನಾನು ಕೊಂಡಿದ್ದು. ನಿಮ್ಮ ಗೊಂಬೆ ಮೈಮೇಲೆ ಇರೋದು?" ಎಂದು ಕೇಳಿದ್ದಳು. ಗೊಂಬೆಯ ಸೀರೆ ಅವತ್ತೇ ಬದಲಾಯಿತು.

ಆ ಮಾತನ್ನು ಆಡುವ ಹಕ್ಕನ್ನು ಈಗ ಮೂಲೆಯ ಬೂದು ಅಕ್ಷರಗಳು ಕಿತ್ತುಕೊಂಡಿದ್ದವು. ಅದು ಅವಳಿಗೆ ಸಹಿಸಲಾಗದ ಸಂಗತಿ.

ಅಸಲಿ ಸಿಸ್ಟಮಿನ ಆ ಡಬ್ಬಿಯೊಳಗಿನ ಕಾರ್ಡು ಹುಡುಕಿ ತೆಗೆದು, ಅದರಲ್ಲಿದ್ದ ಕೀಯನ್ನು, ಅಂದರೆ ಲೈಸೆನ್ಸಿನ ಅಕ್ಷರ-ಅಂಕಿಗಳ ಸಾಲನ್ನು, ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡಿದಳು. ಒಪ್ಪಲಿಲ್ಲ. ಈ ಕೀ ಈಗಾಗಲೇ ಮಿತಿ ಮೀರಿ ಬಳಕೆಯಾಗಿದೆ ಎಂದಿತು. ಅಕ್ಷರ ತಪ್ಪಿರಬೇಕೆಂದು ಬುಷ್ರಾಳನ್ನು ಕೂರಿಸಿ ಓದಿಸಿ ಮತ್ತೊಮ್ಮೆ ಹೊಡೆದಳು. ಅದೇ ಉತ್ತರ.

ಮರುದಿನ ಬೆಳಿಗ್ಗೆ ಸಹಾಯವಾಣಿಗೆ ಫೋನು ಹಚ್ಚಿದಳು. ಸಂಗೀತ ಕೇಳಿಸಿ ಕೇಳಿಸಿ ಕಿವಿ ಬಿಸಿಯಾದ ಮೇಲೆ ಒಬ್ಬ ಹೆಂಗಸು ಸಿಕ್ಕಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಸುಧಾ ತನಗೆ ಬರುವ ಹಿಂದಿಗೆ ಇಂಗ್ಲಿಷ್ ಬೆರೆಸಿ, ಹಳೆ ಮಷಿನ್ ಸುಟ್ಟದ್ದು, ಹೊಸದಕ್ಕೆ ಬ್ಯಾಕಪ್ ಇಳಿಸಿದ್ದು ಎಲ್ಲ ಹೇಳಿದಳು. ಆಕೆ ತಾಳ್ಮೆಯಿಂದ ಕೇಳಿ, ಕೀ ನಂಬರು ತೆಗೆದುಕೊಂಡು ನೋಡಿದಳು.

ಮಷಿನ್ ಬದಲಾದದ್ದು ಸಮಸ್ಯೆಯಲ್ಲ, ಈ ಕೀಗೆ ಆ ಅನುಮತಿ ಇದೆ, ಎಂದಳು. ಆದರೆ ಇದೇ ಕೀ ಬೇರೆ ಹಲವು ಕಂಪ್ಯೂಟರುಗಳಲ್ಲಿ ಚಾಲೂ ಇದೆ. ಆಮೇಲೆ ಕೇಳಿದಳು, ನೀವು ಇದನ್ನು ಯಾರಿಗಾದರೂ ಕೊಟ್ಟಿದ್ದೀರಾ?

ಸುಧಾಗೆ ಪೇಟೆಯ ಅಂಗಡಿಯವನು ಕೇಳಿದ ಪ್ರಶ್ನೆಯೇ ಸುತ್ತು ಹೊಡೆದು ಇನ್ನೊಂದು ಬಾಯಿಯಿಂದ ಬಂದ ಹಾಗನಿಸಿತು. "ನಾನು ಯಾರಿಗೂ ಕೊಟ್ಟಿಲ್ಲ" ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಹಿಂದಿಯಲ್ಲಿ ಹೇಳಿದಳು.

ಆಕೆ ನಂಬಿದಳೋ ಇಲ್ಲವೋ, ದಾರಿಯನ್ನಂತೂ ತಿಳಿಸಿದಳು. ಕೊಂಡ ಬಿಲ್ಲಿನದೂ ಕಾರ್ಡಿನದೂ ಫೋಟೋ ಕಳಿಸಿ, ನಾವು ಪರಿಶೀಲಿಸುತ್ತೇವೆ. ಸರಿಯಿದ್ದರೆ ಈ ಕೀಯನ್ನು ಎಲ್ಲ ಕಡೆಯೂ ರದ್ದು ಮಾಡಿ ನಿಮಗೆ ಹೊಸದು ಕೊಡುತ್ತೇವೆ. ಯಾವುದೇ ಕಂಪ್ಯೂಟರಿನಲ್ಲಿ ನಿಮ್ಮ ಕೀ ಇದೆಯೋ ಇಲ್ಲವೋ ನೋಡಬೇಕೆಂದರೆ ಇಂಥ ಕಡೆ ಈ ಒಂದು ಸಾಲು ಟೈಪ್ ಮಾಡಿ, ಅದರ ಕೊನೆಯ ಐದು ಅಕ್ಷರ ಕಾಣುತ್ತವೆ. ಸುಧಾಳ ಕೀಯ ಕೊನೆಗೆ ಇದ್ದದ್ದು ಕ್ಯೂ, ಏಳು, ಎಂ, ಎಕ್ಸ್, ಒಂಬತ್ತು.

ಫೋನಿಟ್ಟವಳೇ ಯೋಗರಾಜನ ಅಂಗಡಿಗೆ ಹೊರಟಳು. ನಿನ್ನೆಗೆ ಮೊದಲು ಕಾರ್ಡು ಡಬ್ಬಿಯಿಂದ ಹೊರಗೆ ಬಂದದ್ದು ಒಮ್ಮೆ ಮಾತ್ರ, ಅದೂ ಅವನ ಟೇಬಲ್ಲಿನ ಮೇಲೆ.

ಯೋಗರಾಜ ಅವಳನ್ನು ನೋಡಿ, "ಬರ್ರಿ ಮೇಡಂ, ಕೂಡ್ರಿ" ಎಂದು ಸ್ಟೂಲು ಸರಿಸಿದ. ಸುಧಾ ಕೂರಲಿಲ್ಲ.

"ನನ್ನ ಕೀ ಯಾರ್ಯಾರಿಗೆ ಹಾಕಿರಿ?"

"ಯಾವ ಕೀ ಮೇಡಂ?"

"ಗೊತ್ತಿಲ್ಲದಂಗೆ ಕೇಳಬ್ಯಾಡ್ರಿ. ಬೇರೆ ಕಂಪ್ಯೂಟರ್‌ನಾಗೆ ಓಡ್ತೈತಂತೆ ಅದು."

ಯೋಗರಾಜನ ಮುಖದಲ್ಲಿ ಏನೋ ಬಂದು ಹೋಯಿತು. ಅದನ್ನು ಮುಚ್ಚಲು ನಕ್ಕ. "ಆ ಕಾಲ್ ಸೆಂಟರ್‌ನೋರು ಏನೇನೋ ಹೇಳ್ತಾರೆ. ಸಿಸ್ಟಮ್ ಮಿಸ್ಟೇಕ್ ಇರ್ತೈತೆ. ಇಷ್ಟಕ್ಕೆಲ್ಲ ಯಾಕ ಬಿಪಿ ಏರಿಸ್ಕೊಂತೀರಿ? ನನ್ನ ಹತ್ರ ಒಂದು ಸಣ್ಣ ಫೈಲ್ ಐತೆ. ಎರಡೇ ನಿಮಿಷ. ಹಾಕಿದ್ರೆ ಆ ಅಕ್ಷರ ಜಲ್ಮದಾಗೆ ಬರಲ್ಲ."

"ಕಳ್ಳ ಫೈಲಾ?"

"ಕಳ್ಳ ಅಂತ ಯಾಕ ಅಂತೀರಿ. ಎಲ್ಲಾರೂ ಹಾಕ್ಕೊಂಡಾರೆ."

"ನಂಗೆ ಬ್ಯಾಡ" ಎಂದು ಸುಧಾ ಮೆಟ್ಟಿಲಿಳಿದಳು.

ರಾತ್ರಿ ಊಟಕ್ಕೆ ಕೂತಾಗ ಮಾಲತೇಶನಿಗೆ ಹೇಳಿದಳು. ಅವನು ದಿನವಿಡೀ ಚಿಲ್ಲರೆಗಾಗಿ ಜನರ ಜೊತೆ ವಾದ ಮಾಡಿ ಬಂದವನು. "ಕೆಲಸ ನಡೀತೈತಲ್ಲ ಮಾರಾಯ್ತಿ. ನಾಳೆ ಮಷಿನ್ ಕೆಟ್ರೆ ಮತ್ತೆ ಅವನ ಹತ್ರಾನೇ ಹೋಗ್ಬೇಕು. ಬಿಟ್ಟಾಕು" ಎಂದ.

"ನಿನ್ನ ಟಿಕೆಟ್ ಮಷಿನ್ ತಗೊಂಡು ಇನ್ನೊಬ್ಬ ಬಸ್ಸಾಗೆ ಟಿಕೆಟ್ ಹರೀತಿದ್ರೆ ಬಿಡ್ತಿದ್ಯಾ?"

ಮಾಲತೇಶ್ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ದಾರಿ ತೋರಿಸಿದವಳು ಬುಷ್ರಾ. ಅವಳು ಹರಿಹರದವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕಂಪ್ಯೂಟರು ಕಲಿತದ್ದು ಅಲ್ಲಿಯ ಜಮಾಲ್ ಸಾಬರ ಇನ್‌ಸ್ಟಿಟ್ಯೂಟಿನಲ್ಲಿ. ಮೊದಲು ಅದು ಟೈಪ್‌ರೈಟಿಂಗ್ ಶಾಲೆ. ಕಾಲ ಬದಲಾದಾಗ ಸಾಬರು ಟೈಪ್‌ರೈಟರುಗಳನ್ನು ಒಳಗಿಟ್ಟು ಕಂಪ್ಯೂಟರು ತಂದಿದ್ದರು.

"ಸುಧಕ್ಕ, ನಮ್ಮ ಸರ್‌ಗೆ ಕಂಪ್ಯೂಟರ್ ಕೊಟ್ಟಿದ್ದೂ ಯೋಗರಾಜಣ್ಣನೇ" ಎಂದಳು ದಾರದ ಉಂಡೆ ಸುತ್ತುತ್ತಾ. "ನೀವು ಆ ಡಬ್ಬಿ ತಂದ್ರಲ್ಲ, ಅದೇ ಟೈಮಿಗೆ ಹೊಸಾವು ಬಂದಿದ್ವು. ನಂಗೆ ಚೆನ್ನಾಗಿ ನೆನಪೈತೆ, ನಾನು ನಿಮ್ಮ ಹತ್ರ ಸೇರಿದ ವರ್ಷ."

ಅವತ್ತು ಮಧ್ಯಾಹ್ನ ಮಷಿನ್ನಿಗೆ ಬಟ್ಟೆ ಮುಚ್ಚಿ ಇಬ್ಬರೂ ಹರಿಹರದ ಬಸ್ಸು ಹತ್ತಿದರು.

ಜಮಾಲ್ ಸಾಬರ ಇನ್‌ಸ್ಟಿಟ್ಯೂಟು ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಮಾಳಿಗೆಯ ಮೇಲೆ. ಮಧ್ಯಾಹ್ನದ ಬ್ಯಾಚಿನ ಹುಡುಗಿಯರು ಕನ್ನಡ ಟೈಪಿಂಗ್ ಕಲಿಯುತ್ತಿದ್ದರು. ಬಿಳಿ ಗಡ್ಡದ ಸಾಬರು ಕುರ್ಚಿಗಳ ನಡುವೆ ಓಡಾಡುತ್ತಾ ಯಾರ ಬೆರಳು ಎಲ್ಲಿ ತಪ್ಪುತ್ತಿದೆ ಎಂದು ಶಬ್ದದಲ್ಲೇ ಗುರುತು ಹಿಡಿಯುತ್ತಿದ್ದರು. ಬುಷ್ರಾಳನ್ನು ಕಂಡು ಮುಖ ಅರಳಿತು. ಬಂದ ಕಾರಣ ಕೇಳಿದ ಮೇಲೆ ಆ ಅರಳಿದ ಮುಖ ಗಂಟಾಯಿತು.

"ನಿಮ್ಮನ್ನ ಯಾರು ಕಳ್ಸಿದ್ರು ಅಮ್ಮ?" ಎಂದು ಸುಧಾಳನ್ನು ಕೇಳಿದರು. "ಪಕ್ಕದ ಬೀದಿ ಇನ್‌ಸ್ಟಿಟ್ಯೂಟಿನೋರಾ? ನನ್ನ ಕಂಪ್ಯೂಟರ್ ಎಲ್ಲಾ ಅಸಲಿ. ಒಂದೊಂದಕ್ಕೂ ಲೈಸೆನ್ಸ್ ದುಡ್ಡು ಕೊಟ್ಟೀನಿ. ಬಿಲ್ ಐತೆ. ಬೋರ್ಡಿನ ಮೇಲೂ ಬರ್ಸೀನಿ."

"ಯಾರೂ ಕಳ್ಸಿಲ್ಲ ಸಾಬ್ರೇ. ಒಂದು ಸಾಲು ಟೈಪ್ ಮಾಡಿ ನೋಡಾಣ. ಬೇರೆ ಬಂದ್ರೆ ನಿಮ್ಮ ಕಾಲಿಗೆ ಬಿದ್ದು ಹೋಗ್ತೀನಿ."

ಸಾಬರು ಬಾಗಿಲ ಹತ್ತಿರದ ಕಂಪ್ಯೂಟರಿಗೆ ಕೈ ತೋರಿಸಿದರು. ಅಲ್ಲಿದ್ದ ಹುಡುಗಿ ಎದ್ದು ಜಾಗ ಬಿಟ್ಟಳು. ಬುಷ್ರಾ ಆ ಸಾಲು ಟೈಪ್ ಮಾಡಿದಳು. ಸಣ್ಣದೊಂದು ಚೌಕ ತೆರೆಯಿತು. ಕೆಳಗೆ ಐದು ಅಕ್ಷರ: ಕ್ಯೂ, ಏಳು, ಎಂ, ಎಕ್ಸ್, ಒಂಬತ್ತು.

ಸುಧಾ ತನ್ನ ಕಾರ್ಡನ್ನು ಪರದೆಯ ಪಕ್ಕ ಹಿಡಿದಳು. ಸಾಬರು ಕನ್ನಡಕ ಏರಿಸಿ ಇದನ್ನೂ ನೋಡಿದರು, ಅದನ್ನೂ ನೋಡಿದರು. ಪಕ್ಕದ ಕಂಪ್ಯೂಟರಿಗೆ ಹೋಗಿ ತಾವೇ ಟೈಪ್ ಮಾಡಿದರು. ಅದೇ ಐದು ಅಕ್ಷರ. ಅದರ ಪಕ್ಕದ್ದರಲ್ಲೂ ಅದೇ. ಸುಧಾ ಫೋನಿನಲ್ಲಿ ಒಂದೊಂದು ಪರದೆಯ ಫೋಟೋ ತೆಗೆದುಕೊಂಡಳು. ಹುಡುಗಿಯರು ಟೈಪಿಂಗ್ ನಿಲ್ಲಿಸಿ, ಸರ್ ಏನು ಮಾಡುತ್ತಿದ್ದಾರೆಂದು ತಿರುಗಿ ನೋಡತೊಡಗಿದರು. ಆ ಗೋಡೆಯ ಸಾಲು ಮುಗಿಸಿ ಈ ಗೋಡೆಯ ಸಾಲಿಗೆ ಬಂದರು. ಕೊನೆಯದಕ್ಕೆ ಬರುವಾಗ ಎರಡು ಸಲ ತಪ್ಪು ಹೊಡೆದರು. ಇಷ್ಟು ವರ್ಷ ಬೆರಳು ತಪ್ಪಿದವರನ್ನು ತಿದ್ದುತ್ತಾ ಬಂದ ಮನುಷ್ಯ. ಬುಷ್ರಾ ಮುಖ ಬೇರೆ ಕಡೆ ತಿರುಗಿಸಿಕೊಂಡಳು.

"ಎಲ್ಲಾ ನಿಂದೇ" ಎಂದರು ಸಾಬರು, ಕುರ್ಚಿಯಲ್ಲಿ ಕೂತು.

ಅವರ ಮೇಲೆ ಸಿಟ್ಟು ಹೊತ್ತುಕೊಂಡು ಬಂದಿದ್ದ ಸುಧಾಗೆ ಈಗ ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ಸಾಬ್ರೇ, ಒಂದು ಮಾತು ಹೇಳಿಬಿಡ್ತೀನಿ" ಎಂದಳು. "ನಾನು ಕಂಪ್ಲೇಂಟ್ ಕೊಡ್ತೀನಿ. ಕೊಟ್ರೆ ಈ ಕೀ ಎಲ್ಲಾ ಕಡೆ ರದ್ದಾಗ್ತೈತೆ. ನಿಮ್ಮ ಕಂಪ್ಯೂಟರ್ ಎಲ್ಲಾದ್ರಾಗೂ ಆ ಅಕ್ಷರ ಬರ್ತಾವೆ. ನಿಮಗೆ ಹೇಳದೆ ಮಾಡೋದು ಸರಿ ಅಲ್ಲ ಅಂತ ಬಂದೆ. ಆದ್ರೆ ಮಾಡದೆ ಅಂತೂ ಇರಲ್ಲ."

ಹುಡುಗಿಯರಲ್ಲೊಬ್ಬಳು, "ಸರ್, ಕಂಪ್ಯೂಟರ್ ಬಂದ್ ಆಗ್ತಾವಾ? ಪರೀಕ್ಷೆ ಐತಲ್ಲ" ಎಂದು ಮೆಲ್ಲಗೆ ಕೇಳಿದಳು.

"ಬಂದ್ ಆಗಲ್ಲ. ಮೂಲೇಲಿ ಅಕ್ಷರ ಬರ್ತಾವೆ ಅಷ್ಟೆ" ಎಂದಳು ಬುಷ್ರಾ.

"ಬರ್ಲಿ" ಎಂದರು ಸಾಬರು. ದನಿ ಈಗ ಗಟ್ಟಿಯಾಗಿತ್ತು. "ಬರ್ಲಿ ಬಿಡು. ಇವತ್ತೇ ಕೊಡಮ್ಮ ಕಂಪ್ಲೇಂಟ್. ಹುಡುಗ್ಯಾರು ಇದ್ಯಾಕೆ ಬಂತು ಸರ್ ಅಂತ ಕೇಳ್ತಾರೆ. ಕೇಳಿದೋರಿಗೆಲ್ಲ ಯಾರು ಏನು ಮಾಡಿದ್ರು ಅಂತ ಹೇಳ್ತೀನಿ. ಇನ್ನೊಬ್ಬರದ್ದು ಮೈಮೇಲೆ ಹಾಕ್ಕೊಂಡು ಅಸಲಿ ಅಂತ ಬೋರ್ಡ್ ಹಾಕಿದ್ನಲ್ಲ, ಅಷ್ಟು ಸಾಕು."

ಹೊರಡುವಾಗ ಸಾಬರೂ ಮೆಟ್ಟಿಲಿಳಿದು ಬಂದರು. ಬೋರ್ಡಿನ ಮುಂದೆ ನಿಂತು, 'ಅಸಲಿ ಸಾಫ್ಟ್‌ವೇರ್' ಎಂದಿದ್ದ ಸಾಲಿನ ಮೇಲೆ ತಮ್ಮ ಕೈಯಿಂದಲೇ ಕಾಗದ ಅಂಟಿಸಿದರು. ಆಮೇಲೆ, "ನಾಳೆ ದಾವಣಗೆರೆಗೆ ನಾನೂ ಬರ್ತೀನಿ. ಅವನ ಅಂಗಡಿ ಎಷ್ಟೊತ್ತಿಗೆ ತೆಗೀತಾನೆ?" ಎಂದು ಕೇಳಿದರು.

ಮರುದಿನ ಯೋಗರಾಜನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸುಧಾಳ ಹಿಂದೆ ಜಮಾಲ್ ಸಾಬರು ಬಂದದ್ದನ್ನು ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು. "ಒಳಗೆ ಬರ್ರಿ, ಒಳಗೆ ಮಾತಾಡಾಣ" ಎಂದು ಎದ್ದ.

"ಇಲ್ಲೇ ಮಾತಾಡಾಣ" ಎಂದಳು ಸುಧಾ. ಇವತ್ತು ಸ್ಟೂಲು ಎಳೆದುಕೊಂಡು ನಡು ಅಂಗಡಿಯಲ್ಲಿ ಕೂತಳು. "ಇವರ ಕಂಪ್ಯೂಟರ್‌ನಾಗೆ ನನ್ನ ಕೀ ಹೆಂಗೆ ಬಂತು?"

"ಮೇಡಂ, ಅದು ಯಾವಾಗಿಂದೋ ಮಾತು. ಅವಾಗ ಸ್ಟಾಕ್ ಬಂದಿರಲಿಲ್ಲ. ತಾತ್ಕಾಲಿಕ ಅಂತ ಹಾಕಿದ್ದೆ, ಆಮೇಲೆ ಬದಲಿ ಮಾಡೋದು ಮರೆತು ಹೋತು."

"ನನ್ನ ಹತ್ರ ದುಡ್ಡು ತಗೊಳ್ಳೋದು ಮರೀಲಿಲ್ಲಲ್ಲ" ಎಂದರು ಸಾಬರು.

ಕೀಬೋರ್ಡು ಆರಿಸುತ್ತಿದ್ದ ಗಿರಾಕಿಯೊಬ್ಬ ಕೆಲಸ ಬಿಟ್ಟು ಇತ್ತ ಕಿವಿ ಕೊಟ್ಟ. ಯೋಗರಾಜ ಅದನ್ನು ಗಮನಿಸಿ ದನಿ ತಗ್ಗಿಸಿದ. ಹಿಂದಿನ ಕಪಾಟಿನಿಂದ ಒಂದು ಹೊಸ ಡಬ್ಬಿ ತೆಗೆದು, ಪ್ಲಾಸ್ಟಿಕ್ಕು ಕೂಡ ಒಡೆಯದ್ದು, ಸುಧಾಳ ಮುಂದಿಟ್ಟ.

"ತಗೊಳ್ರಿ. ಹೊಚ್ಚ ಹೊಸ ಅಸಲಿ. ಒಂದು ಪೈಸೆ ಬ್ಯಾಡ. ಈಗಲೇ ಬಂದು ಹಾಕಿಕೊಡ್ತೀನಿ, ಆ ಅಕ್ಷರ ಇವತ್ತೇ ಹೋಗ್ತಾವೆ. ಕಂಪ್ಲೇಂಟ್ ಒಂದು ಬ್ಯಾಡ. ಸಾಬ್ರ ವಿಷಯ ನಾನು ಸಾಬ್ರು ಮಾತಾಡ್ಕೊಂತೀವಿ."

ಸುಧಾ ಡಬ್ಬಿಯನ್ನು ನೋಡಿದಳು. ಕೈಗೆ ಎಟುಕುವಷ್ಟು ಹತ್ತಿರವಿತ್ತು. ತೆಗೆದುಕೊಂಡರೆ ಸಂಜೆಯ ಹೊತ್ತಿಗೆ ಪರದೆ ಸ್ವಚ್ಛ, ದಾಸವಾಳ ಮುಗಿಸಬಹುದು, ಮಾಲತೇಶನಿಗೂ ನೆಮ್ಮದಿ. ಜಮಾಲ್ ಸಾಬರು ಅವಳ ಕಡೆ ನೋಡಲಿಲ್ಲ. ಬೇಕೆಂದೇ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು, ನಿನ್ನ ತೀರ್ಮಾನಕ್ಕೆ ನಾನು ಅಡ್ಡ ಬರುವುದಿಲ್ಲ ಎನ್ನುವ ಹಾಗೆ.

"ಇದನ್ನ ನನಗೆ ಕೊಟ್ರೆ ಇದ್ರ ಕೀ ಇನ್ಯಾರಿಗೆ ಹಾಕ್ತೀರಿ?" ಎಂದು ಕೇಳಿದಳು ಸುಧಾ.

ಕೀಬೋರ್ಡಿನ ಗಿರಾಕಿ ನಕ್ಕುಬಿಟ್ಟ. ಯೋಗರಾಜನ ಮುಖ ಕಪ್ಪಿಟ್ಟಿತು.

"ನೋಡ್ರಿ ಮೇಡಂ, ಒಂದು ಹೇಳ್ತೀನಿ. ಈ ರೋಡಿನಾಗೆ ರಿಪೇರಿ ಮಾಡೋರೆಲ್ಲ ನನ್ನ ಪೈಕಿ. ನಾಳೆ ನಿಮ್ಮ ಮಷಿನ್ ನಿಂತ್ರೆ ಯಾರೂ ಕೈ ಹಚ್ಚಲ್ಲ. ಯೋಚನೆ ಮಾಡ್ರಿ."

"ಯೋಚನೆ ಮಾಡೇ ಬಂದೀನಿ."

ಅಲ್ಲೇ ಕೂತು ಸಹಾಯವಾಣಿಗೆ ಫೋನು ಮಾಡಿದಳು, ಸ್ಪೀಕರ್ ಹಾಕಿ. ಆ ಸಂಗೀತ ಅಂಗಡಿ ತುಂಬಾ ಕೇಳಿಸಿತು. ಯೋಗರಾಜ ಗಿರಾಕಿಗಳಿಗೆ ಏನೋ ತೋರಿಸುವ ನೆಪದಲ್ಲಿ ಅತ್ತಿತ್ತ ಓಡಾಡಿದ. ಕೊನೆಗೆ ಈ ಸಲ ಒಬ್ಬ ಗಂಡಸಿನ ದನಿ ಬಂತು. ಸುಧಾ ಹಿಂದಿನ ರಾತ್ರಿ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳನ್ನು ತಡವರಿಸದೆ ಹೇಳಿದಳು: ನನ್ನ ಕೀ ಯಾವ ಕಂಪ್ಯೂಟರುಗಳಲ್ಲಿ ಇದೆ ಎಂದು ಪತ್ತೆಯಾಗಿದೆ. ಹಾಕಿದ ಅಂಗಡಿಯವರು ನನ್ನ ಎದುರಿಗೇ ಇದ್ದಾರೆ. ಮೋಸ ಹೋದವರೂ ಇದ್ದಾರೆ. ಬಿಲ್ಲು, ಕಾರ್ಡು, ಪರದೆಗಳ ಫೋಟೋ ಕಳಿಸುತ್ತಿದ್ದೇನೆ. ಈ ಕೀ ರದ್ದು ಮಾಡಿ.

ಎಲ್ಲ ಕಡೆಯೂ ರದ್ದಾಗುತ್ತದೆ, ನಿಮ್ಮದೂ ಸೇರಿ, ಒಪ್ಪಿಗೆಯೇ ಎಂದು ಆ ದನಿ ಕೇಳಿತು.

ಸುಧಾ ಜಮಾಲ್ ಸಾಬರ ಕಡೆ ನೋಡಿದಳು. ಸಾಬರು ಹೂಂ ಎಂದು ತಲೆಯಾಡಿಸಿದರು.

"ಒಪ್ಪಿಗೆ" ಎಂದಳು.

ಹೊಸ ಕೀ ಕೂಡಲೇ ಬರಲಿಲ್ಲ. ಬಿಲ್ಲಿನ ಫೋಟೋ ಮಸುಕಾಗಿದೆ ಎಂದು ಒಮ್ಮೆ ಮೇಲ್ ಬಂತು, ಮತ್ತೆ ತೆಗೆದು ಕಳಿಸಿದಳು. ಅಂಗಡಿಯ ಹೆಸರು ಸ್ಪಷ್ಟವಾಗಿಲ್ಲ ಎಂದು ಇನ್ನೊಮ್ಮೆ ಬಂತು. ಈ ನಡುವೆ ಮೂಲೆಯ ಅಕ್ಷರಗಳ ಕೆಳಗೇ ಕೂತು ಅವಳು ದಾಸವಾಳ ಮುಗಿಸಿದಳು. ಸೀರೆ ಕೊಡಲು ಬಂದ ಹೆಂಗಸರು ಪರದೆ ನೋಡಿ ಕೇಳಿದರೆ ಮುಚ್ಚಿಡದೆ ಕತೆಯೆಲ್ಲ ಹೇಳಿದಳು. ಒಂದು ಬೆಳಿಗ್ಗೆ ಹೊಸ ಕೀ ಬಂತು. ಬುಷ್ರಾ ಓದಿದಳು, ಸುಧಾ ಟೈಪ್ ಮಾಡಿದಳು. ಬೂದು ಅಕ್ಷರಗಳು ಮಾಯವಾದವು. ಆಮೇಲೆ ಬುಷ್ರಾ ಎದ್ದು ಮಷಿನ್ನಿಗೆ ದಾರ ಪೋಣಿಸಿದಳು.

ಯೋಗರಾಜ ಹೇಳಿದ್ದು ಬರೀ ಬೆದರಿಕೆಯಾಗಿರಲಿಲ್ಲ. ಮಳೆಗಾಲದ ಹೊತ್ತಿಗೆ ಕಂಪ್ಯೂಟರಿನ ಫ್ಯಾನು ಸದ್ದು ಮಾಡತೊಡಗಿದಾಗ ಆ ರಸ್ತೆಯಲ್ಲಿ ಒಬ್ಬರೂ ಮುಟ್ಟಲಿಲ್ಲ. ಒಬ್ಬ ಪುರುಸೊತ್ತಿಲ್ಲ ಎಂದ, ಇನ್ನೊಬ್ಬ ಬಿಟ್ಟುಹೋಗಿ ಎಂದವನು ವಾರ ಬಿಟ್ಟು ಹಾಗೇ ವಾಪಸು ಕೊಟ್ಟ. ಮಾಲತೇಶ್ "ನಾನು ಹೇಳಿರಲಿಲ್ವಾ" ಎನ್ನಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ, ಸ್ಕ್ರೂಡ್ರೈವರು ಎಲ್ಲಿದೆ ಎಂದು ಕೇಳಿದ. ಸುಧಾ ಮತ್ತು ಬುಷ್ರಾ ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಡಬ್ಬಿ ಬಿಚ್ಚಿ, ಹಳೆ ಫ್ಯಾನು ತೆಗೆದು ಹೊಸದು ಕೂರಿಸಿದರು. ಒಂದು ಸ್ಕ್ರೂ ಉಳಿದುಕೊಂಡಿತು. ಅದು ಎಲ್ಲಿಯದೆಂದು ಕೊನೆಗೂ ಗೊತ್ತಾಗಲಿಲ್ಲ, ಕಂಪ್ಯೂಟರು ಮಾತ್ರ ನಡೆಯಿತು.

ಜಮಾಲ್ ಸಾಬರ ಕೆಲಸ ಇನ್ನೂ ಮುಗಿದಿರಲಿಲ್ಲ. ಅವರ ಎಲ್ಲ ಪರದೆಗಳ ಮೂಲೆಯಲ್ಲೂ ಅಕ್ಷರಗಳು ಬಂದಿದ್ದವು. ಹುಡುಗಿಯರು ಪರೀಕ್ಷೆಗೆ ಅವುಗಳ ಕೆಳಗೇ ಅಭ್ಯಾಸ ಮಾಡಿ ಪಾಸಾದರು. ಪಕ್ಕದ ಬೀದಿಯ ಇನ್‌ಸ್ಟಿಟ್ಯೂಟಿನವರು ಆಡಿಕೊಂಡರು, ಒಂದಿಬ್ಬರು ಹುಡುಗಿಯರು ಬಿಟ್ಟೂ ಹೋದರು. ಯೋಗರಾಜ ಸಾಬರಿಗೆ ಎರಡು ಲೈಸೆನ್ಸು ಕೊಟ್ಟು ಉಳಿದದ್ದಕ್ಕೆ ಆಮೇಲೆ ನೋಡೋಣ ಎಂದ. ಸಾಬರು ಆ ಎರಡನ್ನೂ ತಿರುಗಿ ಕೊಟ್ಟು, ದಾವಣಗೆರೆಯ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸಿದರು. ಸಾಕ್ಷಿಯ ಜಾಗದಲ್ಲಿ ಸುಧಾಳ ಹೆಸರು ಬರೆಸಿದರು. ಅವಳನ್ನು ಕೇಳಿಯೇ ಬರೆಸಿದರು.

ವಿಚಾರಣೆಯ ದಿನ ಆಯೋಗದ ವರಾಂಡದಲ್ಲಿ ಬೆಂಚಿನ ಮೇಲೆ ಮೂವರೂ ಕೂತಿದ್ದರು. ಬುಷ್ರಾ ಡಬ್ಬಿಯಲ್ಲಿ ಮಂಡಕ್ಕಿ ತಂದಿದ್ದಳು. ವಕೀಲನ ಜೊತೆ ಬಂದ ಯೋಗರಾಜ ಆಚೆ ಕಂಬದ ಹತ್ತಿರ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಅವನೇ ಬಂದ. ಅಂಗಡಿಯಲ್ಲಿದ್ದ ಗತ್ತು ಈಗ ಇರಲಿಲ್ಲ.

"ಮೇಡಂ, ನಿಮ್ದು ಆಕ್ಟಿವೇಟ್ ಆತಲ್ಲ" ಎಂದ. "ನಿಮ್ಮ ಕೆಲಸ ಮುಗೀತು. ಅಂಗಡಿ ಮುಚ್ಚಿ ಇಲ್ಲಿಗ್ಯಾಕ ಬಂದ್ರಿ? ಇಷ್ಟು ಸಣ್ಣ ವಿಷಯಕ್ಕೆ."

"ಸಾಬ್ರದ್ದು ಆಗಿಲ್ಲಲ್ಲ" ಎಂದಳು ಸುಧಾ.

"ಅದಕ್ಕೂ ನಿಮಗೂ ಏನು ಸಂಬಂಧ?"

ಅಷ್ಟರಲ್ಲಿ ಒಳಗಿನಿಂದ ಜವಾನ ಬಂದು ಜಮಾಲ್ ಸಾಬರ ಹೆಸರು ಕೂಗಿದ. ಸಾಬರು ಟೋಪಿ ಸರಿಮಾಡಿಕೊಂಡು, ಮೊಣಕಾಲಿಗೆ ಕೈಯೂರಿ ಎದ್ದರು. ಸುಧಾ ಮಂಡಕ್ಕಿಯ ಕೈ ಸೆರಗಿಗೆ ಒರೆಸಿಕೊಂಡು, ಯೋಗರಾಜನನ್ನು ಅಲ್ಲೇ ಬಿಟ್ಟು, ಅವರ ಪಕ್ಕದಲ್ಲೇ ಒಳಗೆ ನಡೆದಳು.